ಹಳೇ ಟವರಿನ ಬೆಲ್ಟು

"ಹತ್ತೋ ಬೋಳಿಮಗನೇ. ಟವರ್ ಹಳೇದು, ಬೇಲಿ ಹಳೇದು, ಜನರೇಟರ್ ಹಳೇದು. ಅವ್ಯಾವೂ ತಕರಾರು ಮಾಡ್ಲಿಲ್ಲ. ನಿಂಗೊಬ್ನಿಗೆ ಹೊಸ ಬೆಲ್ಟ್ ಬೇಕಾ?"

ಹೀಗೆಂದವನು ನಮ್ಮ ಸೂಪರ್‌ವೈಸರ್. ಅವನ ಹೊಟ್ಟೆ ನೋಡಿ ನಾವು ಇಟ್ಟ ಹೆಸರು ಗುಡಾಣ. ಹೊಸ ನೆಟ್‌ವರ್ಕಿಗೆಂದು ಮೊಬೈಲ್ ಕಂಪನಿ ಹೊಸ ಟವರ್ ಕಟ್ಟುವುದಿಲ್ಲ. ಇದ್ದ ಟವರಿನ ಮೇಲೆಯೇ ಹೊಸ ಆಂಟೆನಾ ಕೂರಿಸುತ್ತದೆ. ಕೂರಿಸಲಿ, ಯಾರು ಬೇಡವೆಂದರು? ಆದರೆ ಆ ಉಳಿತಾಯ ಟವರಿನಿಂದ ಇಳಿದು ನಮ್ಮ ಸೊಂಟಕ್ಕೂ ಬಂದಿತ್ತು.

ಟವರ್ ಹತ್ತುವಾಗ ಬೀಳದಂತೆ ಸೊಂಟಕ್ಕೆ ಬಿಗಿಯುವ ಆ ಬೆಲ್ಟು ಮೊದಲು ನನ್ನ ಭಾವನದು. ಹೋದ ವರ್ಷ ಅದರ ಹೊಲಿಗೆ ಬಿಟ್ಟು ಭಾವ ಬಿದ್ದು ಕಾಲು ಮುರಿದುಕೊಂಡ. ಈಗ ಕುಂಟುತ್ತಾ ನಮಗೆಲ್ಲ ಟೀ ಕಾಯಿಸುತ್ತಾನೆ. ಅದೇ ಬೆಲ್ಟಿಗೆ ಗೋಣಿದಾರದ ಹೊಲಿಗೆ ಹಾಕಿಸಿ ಗುಡಾಣ ನನ್ನ ಕೈಗೆ ಕೊಟ್ಟ. ಅಕ್ಕ ನೋಡಿದವಳೇ, "ಇದನ್ನ ಕಟ್ಕೊಂಡು ಹತ್ತಿದ್ರೆ ನಿನ್ ಕಾಲು ನಾನೇ ಮುರೀತೀನಿ" ಎಂದಿದ್ದಳು. ಹತ್ತಿದರೆ ಕಾಲಿಗೆ ಸಂಚಕಾರ, ಹತ್ತದಿದ್ದರೆ ಹೊಟ್ಟೆಗೆ.

"ಹತ್ತುತೀನಿ ಸಾರ್," ಎಂದೆ. "ಆದ್ರೆ ನಮ್ಮಲ್ಲೊಂದು ರೂಢಿ. ಹತ್ತು ಅಂದವ್ರು ಮೊದ್ಲು ಬೆಲ್ಟಲ್ಲಿ ಜೋತುಬಿದ್ದು ತೋರಿಸ್ಬೇಕು."

ಸುಳ್ಳಲ್ಲ. ನಮ್ಮ ಮೇಸ್ತ್ರಿಗಳೆಲ್ಲ ತೋರಿಸುತ್ತಿದ್ದರು. ಸೂಪರ್‌ವೈಸರ್‌ಗಳನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

"ಪುಕ್ಲು ನನ್ಮಕ್ಳಾ, ನೋಡ್ಕೊಳ್ರೋ," ಎಂದು ಗುಡಾಣ ಬೆಲ್ಟು ಬಿಗಿದುಕೊಂಡ. ಆಂಟೆನಾ ಎತ್ತುವ ಹಗ್ಗಕ್ಕೆ ಸಿಕ್ಕಿಸಿ ಎಲ್ಲರೂ ಸೇರಿ ಎಳೆದೆವು. ಆಳೆತ್ತರಕ್ಕೆ ಏರಿದ. ಹಗ್ಗವನ್ನು ಟವರಿನ ಕಾಲಿಗೆ ಬಿಗಿದು ನಾವು ಟೀಗೆ ಕೂತೆವು.

"ಸಾಕು, ಇಳಿಸ್ರೋ."

"ಹೊಸ ಬೆಲ್ಟು ಬರ್ಲಿ ಸಾರ್. ಆಫೀಸಿಗೆ ಫೋನ್ ಮಾಡಿ."

ಅವನು ಗಿರಗಿರ ತಿರುಗುತ್ತಲೇ ಫೋನ್ ಒತ್ತಿದ, ಕಿವಿಗಿಟ್ಟ, ಮತ್ತೆ ಒತ್ತಿದ. "ಸಿಗ್ನಲ್ಲೇ ಇಲ್ವಲ್ಲೋ."

ಎಲ್ಲಿಂದ ಬರಬೇಕು? ಕೆಲಸಕ್ಕೆಂದು ಬೆಳಿಗ್ಗೆ ಟವರ್ ಆಫ್ ಮಾಡಿಸಿದವನು ಅವನೇ.

ಗೋಣಿದಾರದ ಒಂದು ಎಳೆ ಪಟ್ ಎಂದಿತು. ಗುಡಾಣ ಭಾವನ ಕಡೆ ನೋಡಿ, "ಅಣ್ಣಾ, ನೀನಾದ್ರೂ ಹೇಳೋ" ಎಂದ. ಇಷ್ಟು ದಿನ ಅವನನ್ನು ಕುಂಟ ಎಂದೇ ಕರೆಯುತ್ತಿದ್ದವನು.

ಭಾವ ಕುಂಟುತ್ತಾ ಅವನ ಕಾಲಡಿಗೆ ಬಂದು ನಿಂತ. "ನಾನು ಬಿದ್ದಾಗ ನೀವೇ ಅಂದ್ರಲ್ಲ ಸಾರ್, ಬೆಲ್ಟು ಗಟ್ಟಿ ಇದೆ, ನಿನ್ ಸೊಂಟಾನೇ ಸರಿ ಇಲ್ಲ ಅಂತ. ನಿಮ್ ಸೊಂಟ ಹೆಂಗಿದೆ ನೋಡಣ."

ಇನ್ನೊಂದು ಎಳೆ ಪಟ್ ಎಂದಿತು. ಗುಡಾಣ ಫೋನನ್ನು ನನ್ನತ್ತ ಎಸೆದ. "ಸಿಗ್ನಲ್ ಸಿಗೋ ಕಡೆ ಓಡೋ. ಎಲ್ರಿಗೂ ಹೊಸ ಬೆಲ್ಟ್ ಕಳ್ಸಿ ಅಂತ ನಾನೇ ಹೇಳ್ದೆ ಅನ್ನು."

ಫೋನನ್ನು ಜೇಬಿಗಿಳಿಸಿ, ಉಳಿದಿದ್ದ ಟೀಯನ್ನು ಕೂತು ಕುಡಿದು ಮುಗಿಸಿ, ನಾನು ಸೈಕಲ್ ಹತ್ತಿದೆ.