ಕೇಳಿಸಿಕೊಂಡವಳು

“ನಮ್ಮನೆ ಸಕ್ಕರೆ ಡಬ್ಬಿ ಮೇಲೆ ಉಪ್ಪು ಅಂತ ಚೀಟಿ ಇದೆ. ಅವರೇ ಅವಸರದಲ್ಲಿ ಅಂಟಿಸಿದ್ದು. ಇರೋ ತನಕ ಅದನ್ನೇ ಹೇಳಿ ರೇಗಿಸ್ತಿದ್ದೆ. ಈಗ ಕೀಳೋಕೆ ಕೈ ಬರ್ತಿಲ್ಲ.”

ಪರದೆಯ ಮೇಲೆ ಸರಸರನೆ ಹರಿದು ಹೋಗುತ್ತಿದ್ದ ಸಾಲುಗಳ ನಡುವೆ ಇದು ಕಣ್ಣಿಗೆ ಬಿದ್ದಾಗ ಪುಟ್ಟಿ ಕಾಫಿ ಲೋಟವನ್ನು ತುಟಿಯ ತನಕ ತಂದಿದ್ದಳು. ಲೋಟ ಅಲ್ಲೇ ನಿಂತಿತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅವಳು ಚಮಚ ಹಾಕಿದ್ದು ಅಂಥದೇ ಡಬ್ಬಿಗೆ. ಉಪ್ಪು ಎಂದು ಬರೆದ, ತೀರಿಕೊಂಡ ಅಪ್ಪನ ಬಾಗಿದ ಅಕ್ಷರದ ಚೀಟಿ ಅಂಟಿದ್ದ ಸಕ್ಕರೆ ಡಬ್ಬಿ. ಲೋಕದಲ್ಲಿ ಅಂಥ ಡಬ್ಬಿ ಇನ್ನೊಂದು ಇದ್ದರೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

ಪುಟ್ಟಿ ಎನ್ನುವುದು ಮನೆಯ ಹೆಸರು. ಕಿವಿಯ ಹತ್ತಿರ ಕೂದಲು ಬೆಳ್ಳಗಾದ ಮೇಲೂ ಅಮ್ಮನಿಗೆ ಅವಳು ಪುಟ್ಟಿಯೇ. ಅವಳು ಕೆಲಸ ಮಾಡುತ್ತಿದ್ದ ಕಂಪನಿ ಒಂದು ಆ್ಯಪ್ ನಡೆಸುತ್ತಿತ್ತು. ಮನಸ್ಸು ಭಾರವಾದವರು ಹೆಸರು ಹೇಳದೆ ಅದರಲ್ಲಿ ಬರೆದುಕೊಳ್ಳಬಹುದು. ಆ ಕಡೆಯಿಂದ ಸಮಾಲೋಚಕರು ಉತ್ತರ ಬರೆಯುತ್ತಾರೆ. ಬರೆದವರಿಗೆ ಅದು ಬರೀ ಫೋನು. ಆದರೆ ಬರೆದ ಮಾತು ಎಲ್ಲೋ ದೂರದ ಬಾಡಿಗೆಯ ಕಂಪ್ಯೂಟರುಗಳಲ್ಲಿ, ಕ್ಲೌಡಿನಲ್ಲಿ, ಕಂಟೇನರ್ ಎನ್ನುವ ಒಂದು ಪುಟ್ಟ ಕೋಣೆಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗಬೇಕು. ಒಂದೊಂದು ಕಂಟೇನರಿನಲ್ಲೂ ಒಂದೊಂದು ಸಣ್ಣ ಸರ್ವಿಸ್, ಒಂದೇ ಕೆಲಸ ಮಾಡುವ ಪ್ರೋಗ್ರಾಮ್: ಒಂದು ಮಾತನ್ನು ಬರಮಾಡಿಕೊಳ್ಳುತ್ತದೆ, ಒಂದು ಅದರಲ್ಲಿ ಜೀವಕ್ಕೆ ಅಪಾಯವಿದೆಯೇ ಎಂದು ತೂಗುತ್ತದೆ, ಒಂದು ಸಮಾಲೋಚಕರಿಗೆ ಒಪ್ಪಿಸುತ್ತದೆ. ಹೊರಬಾಗಿಲಿಗೆ ಭದ್ರವಾದ ಬೀಗ. ಒಳಗೆ ಮಾತ್ರ ಎಲ್ಲ ಮಾತೂ ಬಟಾಬಯಲು. ನಮ್ಮ ಮನೆಯೊಳಗೆ ನಮ್ಮವರೇ ತಾನೆ ಎಂದು ಕಟ್ಟಿದವರು ಕೈ ತೊಳೆದುಕೊಂಡಿದ್ದರು.

ಇದನ್ನು ಸರಿಪಡಿಸುವುದೇ ಪುಟ್ಟಿಯ ಕೆಲಸ. ಇನ್ನು ಮೇಲೆ ಪ್ರತಿ ಸರ್ವಿಸ್ಸೂ ತನ್ನ ಗುರುತಿನ ಸರ್ಟಿಫಿಕೇಟ್ ತೋರಿಸಬೇಕು, ಎದುರಿನದರ ಗುರುತನ್ನೂ ನೋಡಬೇಕು, ಆಮೇಲೆ ಬೇರೆ ಯಾರಿಗೂ ತಿಳಿಯದ ಗೂಢಲಿಪಿಯಲ್ಲಿ ಮಾತಾಡಬೇಕು. ಒಂದೇ ಏಟಿಗೆ ಕಡ್ಡಾಯ ಮಾಡಿದರೆ ಇಡೀ ಆ್ಯಪ್ ಮಲಗಿಬಿಡುತ್ತದೆ. ಅದಕ್ಕೇ ಕೆಲವು ದಿನ ಎರಡಕ್ಕೂ ಒಪ್ಪಿಗೆ: ಗೂಢವಾಗಿಯೂ ಮಾತಾಡಬಹುದು, ಬಯಲಾಗಿಯೂ ಮಾತಾಡಬಹುದು. ಎಲ್ಲರ ಕೈಗೂ ಸರ್ಟಿಫಿಕೇಟ್ ಬಂದ ಮೇಲೆ ಬಯಲಿನದನ್ನು ಮುಚ್ಚುವುದು. ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳಿದ ಮೇಲಿನವರಿಗೆ ತೋರಿಸಲು ಅವಳು ಒಳಗಿನ ಮಾತಿನ ಒಂದು ತುಣುಕನ್ನು ಹಿಡಿದು ತೆರೆದಿದ್ದಳು. ನೋಡಿ, ಹೀಗೆ ಯಾರು ಬೇಕಾದರೂ ಓದಬಹುದು ಎನ್ನಬೇಕಿತ್ತು. ಮೊದಲು ಓದಿದವಳು ತಾನೇ ಆದಳು.

ಬರೆದವಳು ಇಟ್ಟುಕೊಂಡ ಹೆಸರು ‘ಪಕ್ಕದ್ಮನೆಯವಳು’. ತನ್ನ ಕಷ್ಟವನ್ನು ಪಕ್ಕದ ಮನೆಯವರ ಕಷ್ಟ ಎಂದು ಹೇಳಿಕೊಳ್ಳುವುದು ಅಮ್ಮನ ಹಳೇ ಚಾಳಿ. ಪುಟ್ಟಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಆ ತುಣುಕನ್ನು ಅಳಿಸಿ ಕೆಲಸ ಮುಗಿಸಿಬಿಡಬಹುದಿತ್ತು. ಎಲ್ಲ ಸರ್ವಿಸ್ಸುಗಳಿಗೂ ಸರ್ಟಿಫಿಕೇಟ್ ಸೇರಿಯಾಗಿತ್ತು. ಆದರೆ ಸಂಜೆ ಮೇಷ್ಟ್ರು ಬಂದು, ಬಯಲಿನದನ್ನು ನಾಳೆ ಮುಚ್ಚೋಣವೇ ಎಂದು ಕೇಳಿದಾಗ, ಹಳೆಯ ಸರ್ವಿಸ್ ಒಂದು ಇನ್ನೂ ತಕರಾರು ಮಾಡುತ್ತಿದೆ, ಸ್ವಲ್ಪ ದಿನ ಬೇಕು ಎಂದಳು. ಮೇಷ್ಟ್ರು ಅವಳ ಮೇಲಿನ ಅಧಿಕಾರಿ. ಏನು ಕೇಳಿದರೂ ಪಾಠ ಮಾಡಿಯೇ ಹೇಳುವುದರಿಂದ ಆ ಹೆಸರು. ಅಂದು ಪಾಠವನ್ನೂ ಮಾಡಲಿಲ್ಲ, ಸರಿ ಎಂದು ಹೊರಟುಹೋದರು. ಇಷ್ಟು ವರ್ಷಗಳಲ್ಲಿ ಅವಳು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ನಾಲಿಗೆ ತಡವರಿಸಲೂ ಇಲ್ಲ.

ಅಂದು ಮನೆಗೆ ಹೋದರೆ ಅಮ್ಮನ ಕೋಣೆಯ ಕದ ಅರ್ಧ ಮುಚ್ಚಿತ್ತು. ಒಳಗಿಂದ ಮೆಲುದನಿಯ ಮಾತು. ದೊಡ್ಡಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎಂದು ಪುಟ್ಟಿ ಇಷ್ಟು ತಿಂಗಳೂ ತಿಳಿದುಕೊಂಡಿದ್ದಳು. ಆದರೆ ಫೋನು ಊಟದ ಮೇಜಿನ ಮೇಲೆ ಬಿದ್ದಿತ್ತು. ಅಮ್ಮ ಏನೋ ಹೇಳುತ್ತಿದ್ದಳು, ಇನ್ನೊಬ್ಬರು ಉತ್ತರ ಕೊಡುವಷ್ಟು ಹೊತ್ತು ಸುಮ್ಮನಾಗುತ್ತಿದ್ದಳು, ಆಮೇಲೆ ಸಣ್ಣಗೆ ನಗುತ್ತಿದ್ದಳು. ಪುಟ್ಟಿ ಚಪ್ಪಲಿಯನ್ನೂ ಬಿಡದೆ ಮತ್ತೆ ಹೊರಗೆ ಹೋಗಿ, ಈಗ ತಾನೇ ಬಂದವಳ ಹಾಗೆ ಜೋರಾಗಿ ಕರೆಗಂಟೆ ಒತ್ತಿದಳು.

ಮಾರನೆಯ ದಿನದಿಂದ ಅವಳ ಮಧ್ಯಾಹ್ನಗಳು ಕಳ್ಳತನಕ್ಕೆ ಮೀಸಲಾದವು. ಅಮ್ಮ ಊಟ ಮಾಡಿ ಪಾತ್ರೆ ಕವುಚಿಟ್ಟ ಮೇಲೆ ಬರೆಯುತ್ತಿದ್ದಳು. ಆ ಹೆಸರಿನ ಸಾಲುಗಳು ಮಾತ್ರ ಕಾಣುವಂತೆ ಪುಟ್ಟಿ ಜರಡಿ ಹಾಕಿಕೊಂಡಿದ್ದಳು. ಉಳಿದವರದ್ದನ್ನು ಓದುವುದಿಲ್ಲವಲ್ಲ ಎಂದು ಸಮಾಧಾನ. ಆದರೂ ಜರಡಿ ಹಾಕುವ ಮುಂಚೆ ಒಂದೆರಡು ಸಾಲು ಜಾರಿಬಿಡುತ್ತಿದ್ದವು. ಮಗನಿಗೆ ಬೆಲ್ಟಿನಲ್ಲಿ ಹೊಡೆದು ಸ್ನಾನದ ಮನೆಯಲ್ಲಿ ಕೂತು ಅಳುತ್ತಿದ್ದ ಯಾರೋ ತಂದೆ. ಮದುವೆ ಇಟ್ಟುಕೊಂಡು ಓಡಿಹೋಗಬೇಕೆಂದಿದ್ದ ಯಾರೋ ಹುಡುಗಿ. ಬೀದಿಯಲ್ಲಿ ನಡೆಯುವಾಗ ಎದುರು ಬಂದವರೆಲ್ಲ ಅವರೇ ಇರಬಹುದೇ ಎನ್ನಿಸಿ ಪುಟ್ಟಿ ತಲೆ ತಗ್ಗಿಸುತ್ತಿದ್ದಳು.

ಅಮ್ಮ ಬರೆದಳು: ಅವರು ಸಂಜೆ ಬರ್ತಾರೆ. ಹೆದರಿಕೆ ಏನಿಲ್ಲ. ಒಂದು ದಿನ ಬರದೇ ಇದ್ರೆ ಅಂತ ಹೆದರಿಕೆ. ಮಗಳಿಗೆ ಹೇಳಿದ್ದೀರಾ ಎಂದು ಸಮಾಲೋಚಕಿ ಕೇಳಿದಳು. ಅಮ್ಮನ ಉತ್ತರ ತಡವಾಗಿ ಬಂತು.

“ಅವಳಿಗೆ ಹೇಳಿದ್ರೆ ಸರಿ ಮಾಡೋಕೆ ಬರ್ತಾಳೆ, ಸೋರೋ ನಲ್ಲಿ ಸರಿ ಮಾಡಿದ ಹಾಗೆ. ಒಳ್ಳೆ ಹುಡುಗಿ. ಕೂತು ಕೇಳೋಕೆ ಅವಳಿಗೆ ಪುರುಸೊತ್ತಿಲ್ಲ.”

ಈ ಮಾತು ಪುಟ್ಟಿಯ ಎದೆಗೆ ನಾಟಿತು. ಸಿಟ್ಟೂ ಬಂತು. ಕೇಳುತ್ತಿದ್ದೇನಲ್ಲ, ಮೂರು ಹೊತ್ತೂ ನಿನ್ನನ್ನೇ ಕೇಳುತ್ತಿದ್ದೇನಲ್ಲ ಎಂದು ಪರದೆಗೆ ಕೂಗಿ ಹೇಳಬೇಕೆನ್ನಿಸಿತು. ಮನೆಯಲ್ಲಿ ಮಾತ್ರ ಅಮ್ಮನ ಮುಖ ನೋಡಿ ಮಾತಾಡುವುದೇ ಕಷ್ಟವಾಗುತ್ತಿತ್ತು. ತನಗೆ ತಿಳಿದಿದೆ ಎಂದು ಗೊತ್ತಾದರೆ ಅಮ್ಮ ಬರೆಯುವುದನ್ನೇ ಬಿಡುತ್ತಾಳೆ. ಇರುವ ಒಂದು ಬಾಯಿಯೂ ಮುಚ್ಚಿಹೋಗುತ್ತದೆ.

ಕೊನೆಗೊಂದು ದಿನ ಆ ಸಾಲು ಬಂತು.

“ಈಗೀಗ ಜೊತೇಲಿ ಬಾ ಅಂತ ಕರೀತಾರೆ.”

ನೀವು ಏನಂದಿರಿ ಎಂದು ಸಮಾಲೋಚಕಿ ಕೇಳಿದ್ದಳು. ಅದರ ಕೆಳಗೆ ಖಾಲಿ. ಪುಟ್ಟಿ ತಟ್ಟನೆ ಅಮ್ಮನಿಗೆ ಫೋನ್ ಮಾಡಿದಳು. ಮಾಡಿ ಆದ ಮೇಲೆ ಹೇಳಲು ಏನೂ ತೋಚದೆ, ಹಾಲು ತರಬೇಕಾ ಎಂದು ಕೇಳಿದಳು. ಬೇಡ ಎಂದಳು ಅಮ್ಮ. ದನಿ ಎಂದಿನ ಹಾಗೇ ಇತ್ತು, ಅದರಿಂದ ಇನ್ನೂ ದಿಗಿಲಾಯಿತು.

ಆಗಲೇ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಒಳಗಿನ ಮಾತನ್ನು ಯಾರೋ ಕೆಲವು ದಿನಗಳಿಂದ ಕದ್ದು ಕೇಳುತ್ತಿದ್ದಾರೆ, ದಾಖಲೆಯಲ್ಲಿ ಜಾಡು ಸಿಕ್ಕಿದೆ, ಹೊರಗಿನ ಕಳ್ಳನೇ ಇರಬೇಕು ಎಂದರು. ಹಳೇ ಸರ್ವಿಸ್ಸು ಬಿದ್ದರೆ ಬೀಳಲಿ, ಈಗಲೇ ಮುಚ್ಚಬೇಕು. ಪಾಪ, ಹೊಟ್ಟೆಯಲ್ಲಿದ್ದುದನ್ನೆಲ್ಲ ನಮ್ಮನ್ನು ನಂಬಿ ಬರೆದವರು ಎಂದರು. ಪಾಠ ಮಾಡುವ ದನಿಯಲ್ಲ ಅದು. ಪುಟ್ಟಿ ಕೀಲಿಮಣೆಯಿಂದ ಕೈ ತೆಗೆದಳು.

“ಕಳ್ಳ ಅಲ್ಲ ಸರ್. ನಾನೇ.”

ಮೇಷ್ಟ್ರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಯಾರದ್ದು ಎಂದು ಕೇಳಿದರು. ಅಮ್ಮನದು ಎಂದಳು. ಏನು ಬರೆದಿದ್ದಾರೆಂದು ಅವರು ಕೇಳಲಿಲ್ಲ, ಪರದೆಯ ಕಡೆ ನೋಡಲೂ ಇಲ್ಲ. ನಾಳೆ ಇದನ್ನು ಮೇಲಿನವರಿಗೆ ಹೇಳಲೇಬೇಕಾಗುತ್ತದೆ, ಮುಚ್ಚಿಡಲು ತನ್ನ ಕೈಯಲ್ಲಾಗುವುದಿಲ್ಲ ಎಂದರು. ಅವಳು ಹೂಂಗುಟ್ಟಿದಳು.

“ಅಲ್ಲಮ್ಮಾ, ಮನೇಲೇ ಇದ್ದಾರಲ್ಲ ಅವರು,” ಎಂದರು ಮೇಷ್ಟ್ರು. “ಇಲ್ಲಿ ಕೂತು ಏನು ಕೇಳಿಸ್ಕೋತಿದ್ದೀಯ?”

ಸಮಾಲೋಚಕಿಯ ಪ್ರಶ್ನೆಯ ಕೆಳಗೆ ಇನ್ನೂ ಖಾಲಿಯೇ ಇತ್ತು. ಉತ್ತರ ಬರುವ ತನಕ ಕಾಯಲೇ ಎಂದು ಪುಟ್ಟಿಯ ಮನಸ್ಸು ಎಳೆಯಿತು. ಒಂದೇ ಒಂದು ಸಾಲು. ಆ ಸಾಲಿನ ಹಿಂದೆ ಇನ್ನೊಂದು ಇರುತ್ತದೆ, ಅದರ ಹಿಂದೆ ಮತ್ತೊಂದು ಎನ್ನುವುದೂ ಅವಳಿಗೆ ಗೊತ್ತಿತ್ತು. ಗೂಢಲಿಪಿ ಕಡ್ಡಾಯ ಎಂದು ಬದಲಿಸಿ ಗುಂಡಿ ಒತ್ತಿದಳು. ಯಾವ ಸರ್ವಿಸ್ಸೂ ಬೀಳಲಿಲ್ಲ. ಕೂಡಲೇ ಒಂದು ಹೊಸ ಸಾಲು ಬಂತು, ತಲೆಬುಡವಿಲ್ಲದ ಅಕ್ಷರಗಳ ರಾಶಿ. ಅಮ್ಮನದೋ, ಬೆಲ್ಟಿನ ತಂದೆಯದೋ, ಹೇಳುವ ಹಾಗಿರಲಿಲ್ಲ.

ಮನೆ ಸೇರಿದಾಗ ಹೊತ್ತು ಮುಳುಗುತ್ತಿತ್ತು. ಬೀದಿಯ ತಿರುವಿನಿಂದ ಓಡಿಕೊಂಡೇ ಬಂದಿದ್ದಳು. ಅಮ್ಮನ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಅಮ್ಮ ಮಂಚದ ತಲೆಭಾಗದಲ್ಲಿ ಕಾಲು ಮಡಿಸಿ ಕೂತಿದ್ದಳು. ಪುಟ್ಟಿ ಮಂಚದ ಈ ತುದಿಯಲ್ಲಿ ಕೂರಲು ಹೋದಳು.

“ಅಲ್ಲಿ ಕೂರಬೇಡ,” ಎಂದಳು ಅಮ್ಮ.

ಪುಟ್ಟಿ ನಿಂತೇ ಇದ್ದಳು. ಯಾಕೆ ಎಂದು ಕೇಳಲಿಲ್ಲ, ಡಾಕ್ಟರ ಹೆಸರೆತ್ತಲಿಲ್ಲ, ದೀಪದ ಸ್ವಿಚ್ಚಿಗೂ ಕೈ ಹಾಕಲಿಲ್ಲ. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

“ನಿಮ್ಮಪ್ಪ ಕೂತಿದ್ದಾರೆ.”

“ಏನಂತಾರೆ ಅಪ್ಪ?”

ಅಮ್ಮ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಬಾ ಅಂತಾರೆ,” ಎಂದಳು. ಆಗಲೇ ಓದಿದ್ದ ಮಾತು. ಆದರೂ ಪುಟ್ಟಿ ಬೆಚ್ಚಿದಂತೆ ನಟಿಸಬೇಕಾಗಿ ಬರಲಿಲ್ಲ. ಅಮ್ಮನ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಆಗಿತ್ತು. ನೀನು ಏನಂದೆ ಎಂದು ಕೇಳಿದಳು.

“ಇನ್ನೂ ಏನೂ ಅಂದಿಲ್ಲ.”

ಪುಟ್ಟಿ ಕೋಣೆಯ ಕದ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಕಾಲು ಉದ್ದಕ್ಕೆ ಚಾಚಿದಳು. ಮಂಚದಿಂದ ಹೊರಗೆ ಹೋಗಬೇಕೆಂದರೆ ಯಾರೇ ಆದರೂ ಅವಳನ್ನು ದಾಟಿಯೇ ಹೋಗಬೇಕು. ನೆಲ ಕೊರೆಯುತ್ತಿತ್ತು. ಶೀತ ಆಗುತ್ತೆ, ಏಳು ಎಂದಳು ಅಮ್ಮ. ಆಗಲಿ ಬಿಡು, ನೀನು ಹೇಳು ಎಂದಳು ಪುಟ್ಟಿ.

ಆಮೇಲೆ ಅಮ್ಮ ಎದ್ದಳು. ಕತ್ತಲಲ್ಲಿ, ಅಪ್ಪ ಕೂತಿದ್ದಾರೆ ಎಂದಿದ್ದ ತುದಿಗೆ ತಗಲದ ಹಾಗೆ ಸುತ್ತು ಬಳಸಿ ಬಂದು, ತನ್ನ ದಿಂಬನ್ನು ಮಗಳ ಬೆನ್ನಿಗೂ ಕದಕ್ಕೂ ನಡುವೆ ಇಟ್ಟಳು.