ಗೀರಿನ ಅಗಲ

ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡ ಮೂರು ತಿಂಗಳಿಗೆ ಮಾವ ತಪಾಸಣೆಗೆಂದು ಆಸ್ಪತ್ರೆಗೆ ಬಂದರು. ಡಾಕ್ಟರು ಕರೆಯುವುದಕ್ಕೆ ಇನ್ನೂ ಎರಡು ಗಂಟೆಯಿತ್ತು. ಜೊತೆಗಿದ್ದ ತಂಗಿಯ ಮಗಳು ಅದೇ ಕಟ್ಟಡದ ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಸಂಶೋಧಕಿ.

"ನಡಿ ಪುಟ್ಟಿ, ದಿನಾ ಅಲ್ಲಿ ಅದೇನು ಸಾಕ್ತೀಯೋ ನೋಡೇಬಿಡೋಣ," ಎಂದರು ಮಾವ.

ಅವಳು ಸಾಕುತ್ತಿದ್ದುದು ಮೂತ್ರಕೋಶದ ಕ್ಯಾನ್ಸರ್ ಕೋಶಗಳನ್ನೇ. ಇಷ್ಟು ದಿನ ಅದನ್ನು ಮಾವನೆದುರು ಬಾಯಿಬಿಟ್ಟಿರಲಿಲ್ಲ. ಈಗ ಹೇಳಿದಳು.

"ನನ್ನವೇನಾ?"

"ಅಯ್ಯೋ ಅಲ್ಲ ಮಾವ, ಯಾರದೋ, ಎಷ್ಟೋ ವರ್ಷದ ಹಿಂದಿನವು, ತಟ್ಟೆಯಲ್ಲಿ ಬೆಳೀತಾನೇ ಇವೆ. ಕೋಶದೊಳಗೆ ಸಾವಿರಾರು ಜೀನ್ ಇರ್ತವೆ. ಎಲ್ಲಾ ಒಟ್ಟಿಗೆ ಮಾತಾಡಲ್ಲ. ಸುಮ್ಮನಿರಬೇಕಾದ ಒಂದು ಜೀನ್ ಇವುಗಳಲ್ಲಿ ಬಾಯಿ ಬಿಟ್ಟಿದೆ. ಅದರ ಮಾತು ಕೇಳಿ ಕೋಶಗಳು ಇದ್ದ ಜಾಗ ಬಿಟ್ಟು ಹೊರಡ್ತವೆ ಅಂತ ನಮಗೆ ಗುಮಾನಿ."

"ನೀನು ಅದರ ಬಾಯಿ ಮುಚ್ಚಿಸ್ತೀಯ."

"ಹ್ಞೂಂ. ಮುಚ್ಚಿಸಿ, ತಟ್ಟೆ ತುಂಬ ಹರಡಿದ ಕೋಶಗಳ ನಡುವೆ ಒಂದು ಗೀರು ಎಳೆದು ಖಾಲಿ ಜಾಗ ಮಾಡ್ತೀನಿ. ಒಂದು ದಿನದಲ್ಲಿ ಎಷ್ಟು ಕೋಶ ಅದರೊಳಗೆ ನುಗ್ತವೆ ನೋಡ್ತೀನಿ."

ಪರದೆಯ ಮೇಲೆ ಚಿತ್ರಗಳಿದ್ದವು. ಜೀನನ್ನು ಹಾಗೇ ಬಿಟ್ಟ ತಟ್ಟೆಯಲ್ಲಿ ಒಂದು ದಿನಕ್ಕೇ ಗೀರು ಹೆಚ್ಚುಕಡಿಮೆ ಮುಚ್ಚಿತ್ತು. ಬಾಯಿ ಮುಚ್ಚಿಸಿದ್ದರಲ್ಲಿ ಇನ್ನೂ ತೆರೆದಿತ್ತು. ಬೆಳಿಗ್ಗೆ ಅದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿ, ಓಡಿಹೋಗಿ ಮುಖ್ಯಸ್ಥರಿಗೂ ಹೇಳಿಬಂದಿದ್ದಳು.

ಮಾವ ಮೂವತ್ತು ವರ್ಷ ಬಟ್ಟೆಗೆ ಬಣ್ಣ ಹಾಕಿದವರು. ಕೂದಲೆಳೆಯಷ್ಟು ವ್ಯತ್ಯಾಸವೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಗೀರು ಎಳೆದ ಕೂಡಲೇ ತೆಗೆದ ಮೊದಲ ಚಿತ್ರಗಳನ್ನೇ ದಿಟ್ಟಿಸಿದರು.

"ಇದರಲ್ಲಿ ಗೀರು ಮೊದಲೇ ಅಗಲ ಇದೆಯಲ್ಲ?"

ಅವಳು ಅಳತೆ ತೆಗೆದಳು. ಬಾಯಿ ಮುಚ್ಚಿಸಿದ ತಟ್ಟೆಯ ಗೀರು ಒಂದೂವರೆ ಪಟ್ಟು ಅಗಲವಿತ್ತು. ಕೊನೆಯ ಚಿತ್ರ ನೋಡಿ ಕುಣಿದವಳು ಮೊದಲನೆಯದನ್ನು ಅಳೆದೇ ಇರಲಿಲ್ಲ.

"ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ ಮಾವ. ಬೇಕಾದ್ದೇ ಕಾಣ್ತು ನಂಗೆ."

"ಇನ್ನೊಂದು ಸಲ ಅದ್ದು. ಬಣ್ಣ ಕೂರದಿದ್ರೆ ನಾವೂ ಅದ್ದುತಿದ್ವಿ. ಬಟ್ಟೆ ಯಾವತ್ತೂ ಬೇಜಾರು ಮಾಡ್ಕೊಳ್ಳಲಿಲ್ಲ."

ಅವಳಿಗೆ ನಗು ಬಂತು. ಧೈರ್ಯವಿರುವಾಗಲೇ ತಪ್ಪು ಒಪ್ಪಿಕೊಂಡುಬಿಡೋಣವೆಂದು ಮುಖ್ಯಸ್ಥರ ಬಾಗಿಲು ತಟ್ಟಿದಳು. ಅವರು ಗೊಣಗಿದರು, ಬೈಯಲಿಲ್ಲ.

ಕೆಳಗೆ ಡಾಕ್ಟರು ತುದಿಗೆ ಕ್ಯಾಮೆರಾ ಇರುವ ಸಣ್ಣ ಕೊಳವೆಯಲ್ಲಿ ಮಾವನ ಮೂತ್ರಕೋಶದ ಒಳಗೋಡೆಯನ್ನೆಲ್ಲ ನೋಡಿ, "ಹೊಸದೇನೂ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ," ಎಂದರು. ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಎರಡು ಬಾಳೆಹಣ್ಣು ತಿಂದರು.

ಒಂದೇ ಅಗಲದ ಗೀರುಗಳನ್ನು ಎಳೆದು ಅವಳು ಮೂರು ಸಲ ಪ್ರಯೋಗ ಮಾಡಿದಳು. ತಿಂಗಳ ನಂತರ ಮನೆಯಿಂದ ಮಾವನಿಗೆ ಫೋನ್ ಮಾಡಿದಳು.

"ವ್ಯತ್ಯಾಸ ಇದೆ ಮಾವ. ಆವತ್ತು ಕಂಡಷ್ಟಿಲ್ಲ. ಬಾಯಿ ಮುಚ್ಚಿಸಿದ ಕೋಶಗಳು ಐದರಲ್ಲಿ ಒಂದು ಪಾಲು ನಿಧಾನ."

"ನಿಂತೇ ಹೋಗಲ್ವಾ?"

"ಇಲ್ಲ. ಇದೂ ಬರೀ ತಟ್ಟೆಯಲ್ಲಿ. ಮನುಷ್ಯರಲ್ಲಿ ಹೇಗೋ ಇನ್ನೂ ಗೊತ್ತಿಲ್ಲ."



"ಈ ಸಲ ಅಳತೆ ಸರಿ ಇದೆ ತಾನೇ?"

"ಸರಿ ಇದೆ."

"ಸಾಕು ಬಿಡು. ನಿಮ್ಮಮ್ಮನಿಗೆ ಫೋನ್ ಕೊಡು, ನೀನು ಬರೀ ಕೋಶದ ಮಾತೇ ಆಡ್ತೀಯ."