ಹಾರ್ಲನ್ ಮಗಳಿಗೆ ಕೊಟ್ಟ ಮಾತ್ರೆ

ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿ ಹಿಡಿಯುವ ಕಾಲದಲ್ಲಿ ಅಮೆರಿಕದ ಮೇಯ್ನ್ ಕರಾವಳಿಯ ಯಾವ ದೋಣಿಯಲ್ಲೂ ಮೈಕೈ ನೋವಿಲ್ಲದವರು ಸಿಗುವುದಿಲ್ಲ. ಹಾರ್ಲನ್ ಬೀಲ್‌ನ ದೋಣಿಯಲ್ಲಿ ಅವನ ಜೊತೆ ದುಡಿಯುತ್ತಿದ್ದವಳು ಹತ್ತೊಂಬತ್ತರ ಮಗಳು ಟೆಸ್. ದಿನವಿಡೀ ಕಡಲಿಂದ ಬೋನು ಎತ್ತಿ ಎತ್ತಿ ಆಗಸ್ಟ್‌ನಲ್ಲಿ ಅವಳ ಭುಜ ಉಳುಕಿತು.

"ಅಪ್ಪಾ, ಕೈ ಎತ್ತೋಕೇ ಆಗ್ತಿಲ್ಲ."

ಹಾರ್ಲನ್‌ಗೆ ಬೆನ್ನಿನ ಆಪರೇಷನ್ ಆದಾಗ ಕೊಟ್ಟಿದ್ದ ನೋವಿನ ಮಾತ್ರೆ ಅರ್ಧ ಬಾಟಲಿ ಉಳಿದಿತ್ತು.

"ಇದನ್ನ ನುಂಗು. ಮಧ್ಯಾಹ್ನದೊಳಗೆ ಕುಣೀತೀಯ."

ಅವಳು ನಿಜಕ್ಕೂ ಹಾಡಿಕೊಂಡು ಕೆಲಸ ಮಾಡಿದಳು. ಮರುದಿನವೂ ಕೇಳಿದಳು. ಅವನು ಬಾಟಲಿಯನ್ನೇ ಕೊಟ್ಟುಬಿಟ್ಟ.

ಹಾರ್ಲನ್‌ನ ಅಕ್ಕ ಮಾರ್ನಿ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಭಾನುವಾರ ಊಟಕ್ಕೆ ಬಂದವಳ ಕಣ್ಣಿಗೆ ಬಾಟಲಿ ಬಿತ್ತು.

"ನಿನಗೆ ಬರೆದಿದ್ದನ್ನ ಇವಳಿಗೆ ಕೊಡ್ತಿದ್ದೀಯಾ? ಅಫೀಮಿನ ಜಾತಿದು ಕಣೋ ಇದು! ಎಳೇ ವಯಸ್ಸಿನವ್ರಿಗೆ ಬೇಗ ಚಟ ಹಿಡಿಸುತ್ತೆ. ಉಳಿದಿದ್ದನ್ನ ಔಷಧಿ ಅಂಗಡಿಗೆ ವಾಪಸ್ ಕೊಡು."

"ಡಾಕ್ಟ್ರು ಕೊಟ್ಟಿದ್ದು, ಬೀದೀಲಿ ತಂದಿದ್ದಲ್ಲ. ರೋಗಿಗಳನ್ನೇ ನೋಡಿ ನೋಡಿ ನಿನಗೆ ಎಲ್ರೂ ಹಂಗೇ ಕಾಣ್ತಾರೆ. ನನ್ನ ಮಗಳು ಅಂಥೋಳಲ್ಲ."

"ಅಂಥೋರು ಅಂತ ಯಾರೂ ಹುಟ್ಟಲ್ಲ ಹಾರ್ಲನ್."

ಟೆಸ್ ತಲೆ ತಗ್ಗಿಸಿ ಆಲೂಗಡ್ಡೆ ಕೆದಕುತ್ತಿದ್ದಳು.

ಅಕ್ಟೋಬರ್ ಹೊತ್ತಿಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಚಳಿಯಲ್ಲೂ ಬೆವರುತ್ತಿದ್ದಳು, ಮಾತಾಡಿಸಿದರೆ ಸಿಡುಕುತ್ತಿದ್ದಳು. ಯಾವನೋ ಹುಡುಗ ಕೈಕೊಟ್ಟಿರಬೇಕು ಎಂದುಕೊಂಡು ಹಾರ್ಲನ್ ಸುಮ್ಮನಾದ. ಕೆಲಸಕ್ಕೆ ಬರುತ್ತಿದ್ದಳಲ್ಲ, ಅವನಿಗೆ ಅಷ್ಟು ಸಾಕಿತ್ತು.

ನವೆಂಬರ್‌ನ ಒಂದು ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಯಲ್ಲಿ ನಿಂತಿದ್ದ ಗಾಡಿಯೊಳಗೆ ಟೆಸ್ ಒರಗಿದ್ದಳು. ತುಟಿ ನೀಲಿಗಟ್ಟಿತ್ತು. ಮನೆಯ ಮಾತ್ರೆ ಮುಗಿದ ಮೇಲೆ ಅವಳು ಹೊರಗೆ ಕೊಳ್ಳತೊಡಗಿದ್ದಳು. ಅಂದು ಸಿಕ್ಕಿದ್ದು ನೋಡಲು ಅಪ್ಪನ ಮಾತ್ರೆಯಂತೆಯೇ ಇತ್ತು. ಒಳಗಿದ್ದದ್ದು ಅದೇ ಜಾತಿಯ, ಅದಕ್ಕಿಂತ ಹಲವು ಪಟ್ಟು ಜೋರಾದ ಫೆಂಟನಿಲ್ ಎಂಬ ವಿಷ.

ಅವಳನ್ನು ಕಂಡ ಹಾರ್ಲನ್ ಆಂಬುಲೆನ್ಸ್‌ಗೂ ಅಕ್ಕನಿಗೂ ಫೋನ್ ಮಾಡಿ ಕಿರುಚಿದ. ಮೊದಲು ಬಂದವಳು ಮಾರ್ನಿ. ಇಂಥ ವಿಷ ಇಳಿಸುವ ನಲಾಕ್ಸೋನ್ ಸ್ಪ್ರೇಯನ್ನು ಟೆಸ್‌ಳ ಮೂಗಿಗೆ ಹೊಡೆದಳು. ಉಸಿರು ಬರಲಿಲ್ಲ. ಇನ್ನೊಮ್ಮೆ ಹೊಡೆದಾಗ ಬಂತು.

ಜೀವ ಉಳಿಯಿತು. ಆದರೆ ಅಷ್ಟು ಹೊತ್ತು ಉಸಿರಿಲ್ಲದೆ ಇದ್ದವಳ ಕೈ ಈಗಲೂ ನಡುಗುತ್ತದೆ. ಮಾತಾಡುತ್ತ ಮಾತಾಡುತ್ತ ಪದ ಮರೆತು ಸುಮ್ಮನಾಗುತ್ತಾಳೆ.

ಚಟ ಬಿಡಿಸುವ ಚಿಕಿತ್ಸಾ ಕೇಂದ್ರದಲ್ಲಿ ಹಾರ್ಲನ್ ಕೇಳಿದ, "ನನ್ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ಮಗಳೇ?"

"ಹೇಳ್ಬೇಕು ಅಂತಿದ್ದೆ ಅಪ್ಪಾ. 'ನನ್ನ ಮಗಳು ಅಂಥೋಳಲ್ಲ' ಅಂದುಬಿಟ್ಯಲ್ಲ. ಆಮೇಲೆ ಹೆಂಗ್ ಹೇಳ್ಲಿ?"

ಈಗ ಹಾರ್ಲನ್ ಮಾರ್ನಿಯ ಜೊತೆ ಮೀನುಗಾರರ ಮನೆ ಮನೆಗೆ ಹೋಗುತ್ತಾನೆ. "ನಾನೇ ಕೊಟ್ಟೆ, ನೀವು ಕೊಡ್ಬೇಡಿ," ಎಂದು ಹೇಳಿ ಆ ಖಾಲಿ ಬಾಟಲಿಯನ್ನು ಅವರ ಮುಂದಿಡುತ್ತಾನೆ. ಉಳಿದದ್ದನ್ನು ಮಾರ್ನಿ ಹೇಳುತ್ತಾಳೆ.

ತಂದೆ ತಾಯಂದಿರೇ, ನಿಮಗೆ ಬರೆದ ಮಾತ್ರೆ ನಿಮಗೊಬ್ಬರಿಗೇ. ಮಕ್ಕಳಿಗೆ ನೋವಾದರೆ ವೈದ್ಯರಿಗೆ ತೋರಿಸಿ. ಉಳಿದ ಮಾತ್ರೆಯನ್ನು ಮನೆಯಲ್ಲಿಟ್ಟುಕೊಳ್ಳಬೇಡಿ, ಎಲ್ಲಿ ಹಿಂದಿರುಗಿಸಬೇಕೆಂದು ಔಷಧಿ ಅಂಗಡಿಯಲ್ಲಿ ಕೇಳಿ. ಬೆಳೆದ ಮಗ ಮಗಳು ಬದಲಾದಂತೆ ಕಂಡರೆ ಪಕ್ಕದಲ್ಲಿ ಕುಳಿತು ವಿಚಾರಿಸಿ. ಗದರಬೇಡಿ. ಅವರು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.